ಶಿವನದೂ ಎರಡನೇ ಮದುವೆ

ನಮ್ಮ ಮನೆಗೆ ನೆಂಟರಿಗಿಂತ ದೇವತೆಗಳೇ ಹೆಚ್ಚು ಬರುತ್ತಿದ್ದರು. ಸುಗ್ಗಿ ಮುಗಿದು, ಜೋಳ ನೆಲದೊಳಗಿನ ಹಗೇವಿಗೆ ಇಳಿದು, ಎತ್ತಿಗೂ ಮನುಷ್ಯರಿಗೂ ಒಂದಿಷ್ಟು ಬಿಡುವು ಸಿಕ್ಕಿತೆಂದರೆ ಸಂತೆಕಲ್ಲೂರಿನ ನಮ್ಮ ಪಡಸಾಲೆಯಲ್ಲಿ ದೊಡ್ಡಾಟದ ತಾಲೀಮು ಶುರುವಾಗುತ್ತಿತ್ತು. ತಾತ, ಅಂದರೆ ನನ್ನ ಅಪ್ಪನ ಅಪ್ಪ, ಆಟದ ಮಾಸ್ತರ. ದೀಪ ಹಚ್ಚುವ ಹೊತ್ತಿಗೆ ಲಕ್ಷ್ಮಿ ಕಂಬಳಿ ಹೊದ್ದುಕೊಂಡು ಬರುತ್ತಿದ್ದಳು. ಭೂಮಿತಾಯಿ ಬಾಗಿಲ ಹೊರಗೆ ಬೀಡಿ ಆರಿಸಿ, ಮೀಸೆ ಒರೆಸಿಕೊಂಡು ಒಳಗೆ ಬರುತ್ತಿದ್ದಳು. ಸರಸ್ವತಿ ಎಂದರೆ ನಮ್ಮ ಬೆನ್ನ ಮನೆಯ ಕುಂಬಾರ ಹನುಮಂತ. ಅವನ ಮೊಣಕೈಗೆ ಮೆತ್ತಿದ ಮಣ್ಣು ಇನ್ನೂ ಹಸಿಯಾಗಿಯೇ ಇರುತ್ತಿತ್ತು. ಅವ್ವ ತಂಬಿಗೆ ತುಂಬ ನೀರು ತಂದಿಡುತ್ತಿದ್ದಳು. ಸರಸ್ವತಿ ಗಟಗಟ ಕುಡಿದು ತೇಗಿದರೆ ನನಗೆ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. ದೇವತೆಗಳಿಗೂ ಬಾಯಾರಿಕೆ ಆಗುತ್ತದೆ ಎಂದೇ ತಿಳಿದು ಬೆಳೆದವಳು ನಾನು.

ಮನೆ ದೊಡ್ಡದಿತ್ತು, ಬೆಳಕು ಸಣ್ಣದಿತ್ತು. ಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಅಂಕಣ, ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ. ಮಣ್ಣಿನ ಮಾಳಿಗೆ, ಮೊಳದಗಲದ ಗೋಡೆ, ಕಿಟಕಿ ಎಂಬುದು ಹೆಸರಿಗೂ ಇಲ್ಲ. ಅಡುಗೆಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಬೀಳುವ ಬಿಸಿಲಿನ ಕೋಲು ಬೆಳಗ್ಗೆ ಒಲೆಯ ಹತ್ತಿರ ಇದ್ದರೆ ಮಧ್ಯಾಹ್ನ ಬೀಸುಕಲ್ಲಿನ ಮೇಲೆ ಬಂದು ಕೂರುತ್ತಿತ್ತು. ಆ ಬೆಳಕಿನ ಹಿಂದೆಯೇ ನಮ್ಮ ಮನೆಯ ಹೆಂಗಸರು ಸರಿದಾಡುತ್ತಿದ್ದರು. ಅಕ್ಕಿ ಆರಿಸುವುದು ಎಂದು ಬರೆದರೆ ಸುಳ್ಳಾದೀತು, ಆಗ ನಮ್ಮಲ್ಲಿ ಅಕ್ಕಿ ಎಲ್ಲಿತ್ತು! ಸಿಂಧನೂರಿನ ಕಡೆ ಇವತ್ತು ಕಣ್ಣು ಹಾಯುವ ತನಕ ಭತ್ತ ಕಾಣುತ್ತದೆ. ನಿಜಾಮರ ಕಾಲದ ಆ ದಿನಗಳಲ್ಲಿ ಜೋಳವೇ ದೇವರು. ಬೇಳೆ ಆರಿಸುವುದು, ತಲೆ ಬಾಚುವುದು, ಮುಳ್ಳು ತೆಗೆಯುವುದು, ಜಗಳ ಆಡುವುದು, ಎಲ್ಲ ಆ ಬೆಳಕಿನಲ್ಲಿಯೇ. ಜಗಳಕ್ಕೂ ಎದುರಿನವರ ಮುಖ ಕಾಣಬೇಕಲ್ಲ.

ತಾತ ಕಲಿಸುತ್ತಿದ್ದದ್ದು ಒಂದೇ ಆಟ, ಶಿವ ಪಾರ್ವತಿಯರ ಮದುವೆ. ಅವನ ಗುರು ಬಾಯಿಂದ ಬಾಯಿಗೆ ಕೊಟ್ಟದ್ದು, ಕಾಗದದ ಮೇಲೆ ಒಂದಕ್ಷರ ಇರಲಿಲ್ಲ. ಊರ ಬಯಲಿನಲ್ಲಿ ಕಟ್ಟಿದ ಅಟ್ಟದ ಮೇಲೆ ಆಟ ರಾತ್ರಿ ಶುರುವಾದರೂ ಮದುವೆ ಮಾತ್ರ ಸೂರ್ಯ ಹುಟ್ಟುವ ಹೊತ್ತಿಗೇ ಆಗಬೇಕು. ಭಾಗವತಿಕೆ ಬೇಗ ಮುಗಿದರೆ ತಾತ ದೂತನನ್ನು ಬಿಟ್ಟು ಹಾಸ್ಯ ಮಾಡಿಸಿ ಹೊತ್ತು ಕಳೆಯುತ್ತಿದ್ದನೇ ಹೊರತು ಕತ್ತಲಲ್ಲಿ ಮದುವೆ ಮಾಡಿಸುತ್ತಿರಲಿಲ್ಲ. ಮೂಡಣ ಕೆಂಪಾದ ಮೇಲೆ ಮೂವರು ದೇವತೆಗಳು ಒಬ್ಬೊಬ್ಬರಾಗಿ ಬಂದು ಮದುಮಗಳನ್ನು ಹರಸುತ್ತಿದ್ದರು. ಲಕ್ಷ್ಮಿ ‘ಕಣ ತುಂಬಲಿ ಪಾರ್ವತಿ ನಿಂದು’ ಎನ್ನುತ್ತಿದ್ದಳು. ಭೂಮಿತಾಯಿ ‘ಕಾಲು ಊರಲಿ ಪಾರ್ವತಿ ನಿಂದು’ ಎನ್ನುತ್ತಿದ್ದಳು. ಕೊನೆಗೆ ಸರಸ್ವತಿ ‘ಮಾತು ನಡೀಲಿ ಪಾರ್ವತಿ ನಿಂದು’ ಎನ್ನುತ್ತಿದ್ದಳು. ಆಗ ಊರಿನ ಹೆಂಗಸರು ಅರಿಷಿಣ ಹಚ್ಚಿದ ಕಾಳು ತೂರುತ್ತಿದ್ದರು. ಹೆಸರು ಅಕ್ಕಿಕಾಳು, ತಟ್ಟೆಯಲ್ಲಿ ಇದ್ದದ್ದು ಜೋಳ. ಮೊದಲ ಹಿಡಿ ಮಾಸ್ತರ ಹೆಂಡತಿಯದು, ಅಂದರೆ ನಮ್ಮ ಅಜ್ಜಿಯದು. ಅಜ್ಜಿಯನ್ನು ನಮ್ಮ ಕಡೆ ಅಮ್ಮ ಎನ್ನುತ್ತೇವೆ, ಹೆತ್ತವಳನ್ನು ಅವ್ವ. ಅಮ್ಮ ಕಾಳು ಹಾಕಿದ ಮೇಲೆ ಊರು ಹಾಕಬೇಕು, ಆಕೆ ಕೈ ಎತ್ತದೆ ಯಾರೂ ಎತ್ತುವ ಹಾಗಿಲ್ಲ. ಪಾರ್ವತಿಗೆ ಕುಪ್ಪಸದ ಬಟ್ಟೆ ಕೊಡುವವರೂ ಇದ್ದರು. ಪಾರ್ವತಿಯ ವೇಷದ ಗಂಡಸು ಅದನ್ನು ಒಯ್ದು ತನ್ನ ಹೆಂಡತಿಗೆ ಕೊಡುತ್ತಿದ್ದ. ಯಾರಾದರೂ ನಕ್ಕರೆ ತಾತನಿಗೆ ಕೋಪ ಬರುತ್ತಿತ್ತು.

“ವೇಷ ಸುಳ್ಳಿರಬೌದು, ಹರಸಿದ ಮಾತು ಸುಳ್ಳಲ್ಲ. ಅಟ್ಟದ ಮ್ಯಾಲೆ ಆಡಿದ ಮಾತು ಹೊಳ್ಳಿ ತಗೊಳ್ಳಾಕ ಬರಂಗಿಲ್ಲ, ತಿಳೀತಿಲ್ಲೋ?”

ಈ ಮಾತನ್ನು ತಾತ ಎಷ್ಟು ಸಲ ಹೇಳಿದ್ದನೋ. ಅದು ತನ್ನ ಕಾಲಿಗೇ ಸುತ್ತಿಕೊಳ್ಳುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಸುತ್ತಿಸಿದವಳು ಸಂಗವ್ವತ್ತೆ, ಅಪ್ಪನ ತಂಗಿ. ಸಣ್ಣಾಕಿ ಇದ್ದಾಗಲೇ ಮದುವೆಯಾಗಿ, ಗಂಡನ ಮನೆಗೆ ಹೋಗಿ ಇನ್ನೂ ಒಲೆಯ ಗುರುತು ಸಿಗುವ ಮೊದಲೇ ಗಂಡ ಜ್ವರ ಬಂದು ತೀರಿಹೋಗಿ, ತವರಿಗೆ ಬಂದವಳು. ಮನೆಯಲ್ಲಿ ಅವಳನ್ನು ಯಾರೂ ಕೀಳಾಗಿ ಕಾಣಲಿಲ್ಲ. ಬಿಸಿ ರೊಟ್ಟಿಯನ್ನೇ ತಿನ್ನುತ್ತಿದ್ದಳು, ಪುಂಡಿಪಲ್ಯಕ್ಕೆ ಎಣ್ಣೆ ಕಡಿಮೆಯಾದರೆ ಬಾಯಿ ಮಾಡುತ್ತಿದ್ದಳು. ಆದರೆ ಆಟದ ದಿನ ಮಾತ್ರ ಆಕೆ ಹಿಂದೆ ಕೂರಬೇಕು. ಹಣೆಗೆ ಕುಂಕುಮ ಇಲ್ಲದವರಿಗೆ ಬಯಲಿನ ಕೊನೆಯಲ್ಲಿ, ಹಾಳು ಗೋಡೆಯ ಬುಡದಲ್ಲಿ ಜಾಗ. ಅವರು ಕಾಳು ತೂರುವ ಹಾಗಿಲ್ಲ. ನಾನು ಪ್ರತಿ ಸಲ ಅತ್ತೆಯ ಮಡಿಲಲ್ಲಿ ಕೂತು ಆಟ ನೋಡುತ್ತಿದ್ದೆ. ಮೂರು ದೇವತೆಗಳು ಬಂದಾಗ ಅವಳ ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬೆಳಕಿಂಡಿಯ ಕೆಳಗೆ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಕೇಳಿದೆ.

“ಅತ್ತಿ, ದೇವತಿಗೋಳು ಪಾರ್ವತಿಗೆ ಬಂಗಾರ ಯಾಕ ಕೊಡಂಗಿಲ್ಲ? ಬರೀ ಮಾತು ಕೊಟ್ಟು ಹೋಗ್ತಾವು.”

“ಬಂಗಾರ ಅಪ್ಪನೂ ಕೊಡ್ತಾನ, ಗಂಡನೂ ಕೊಡ್ತಾನ. ಇವು ಅವರು ಕೊಡಲಾರದ್ದು,” ಎಂದಳು. “ಲಕ್ಷ್ಮಿ ಹೊಟ್ಟಿಗೆ ಕೊಡ್ತಾಳ. ಭೂಮ್ತಾಯಿ ಕಾಲಿಗೆ ಕೊಡ್ತಾಳ. ಮಂದಿ ಮನಿಗೆ ಹೋದ ಹೆಣ್ಣಿಗೆ ‘ಇದು ನಂದು’ ಅಂತ ಕಾಲೂರಾಕ ಜಾಗ ಬೇಕಲ್ಲ?”

“ಸರಸ್ವತಿ ಸಾಲಿ ಓದು ಕೊಡ್ತಾಳ?”

“ಸಾಲಿ ಅಲ್ಲಬೇ. ಮನ್ಯಾಗ ಆಕಿ ಒಂದು ಮಾತಂದ್ರ ನಾಕು ಮಂದಿ ಕಿವಿ ಕೊಡಬೇಕು. ಅದು.”

“ಅಷ್ಟಕ್ಕ ಸರಸ್ವತಿ ಯಾಕ ಬರಬೇಕು?”

ಅತ್ತೆ ನನ್ನ ಜಡೆಯನ್ನು ಬಿಗಿಯಾಗಿ ಎಳೆದಳು.

“ಮಂದಿ ತಾವಾಗೇ ಕೇಳಂಗಿದ್ರ ಆಕಿ ಯಾಕ ಬರ್ತಿದ್ಲು?”

ಆ ವರ್ಷವೇ ಸಾಲಗುಂದದಿಂದ ಸಂಬಂಧ ಬಂತು. ವರ ಶರಣಪ್ಪ. ಹೆಂಡತಿ ಸತ್ತಿದ್ದಳು, ಮಕ್ಕಳಿಲ್ಲ, ಸ್ವಂತ ಹೊಲ ಇತ್ತು, ಮೈಯಲ್ಲಿ ಕಸುವಿತ್ತು. ಮಾತಿನಲ್ಲಿ ಮಾತ್ರ ಜಿಪುಣ. ಗಂಡ ಸತ್ತ ಹೆಣ್ಣಿಗೆ ಮತ್ತೊಂದು ಮದುವೆ ಮಾಡುವುದು ನಮ್ಮಲ್ಲಿ ಹೊಸದೇನಲ್ಲ, ಅದಕ್ಕೆ ಉಡಿಕಿ ಎನ್ನುತ್ತಾರೆ. ಆದರೆ ಅದರ ರೀತಿಯೇ ಬೇರೆ. ಹಂದರ ಇಲ್ಲ, ಬಾಜಾ ಇಲ್ಲ, ಅಕ್ಕಿಕಾಳು ಇಲ್ಲ. ಕತ್ತಲಾದ ಮೇಲೆ ದೀಪ ಸಣ್ಣ ಮಾಡಿ, ಮುತ್ತೈದೆಯರನ್ನು ದೂರ ಇಟ್ಟು, ಹೊಸ ಸೀರೆ ಉಡಿಸಿ, ಬೆಳಕಾಗುವ ಮೊದಲು ಗಾಡಿ ಹತ್ತಿಸಿ ಕಳಿಸಿಬಿಡುತ್ತಾರೆ. ಗಂಡಸಿನ ಎರಡನೇ ಮದುವೆಗೆ ಊಟ, ಮೆರವಣಿಗೆ ಎಲ್ಲ ಉಂಟು. ಹೆಂಗಸಿನದಕ್ಕೆ ಕಳ್ಳತನದ ಹಾಗೆ ಕಾಲ್ಸಪ್ಪಳ ಅಡಗಿಸಿ ನಡೆಯಬೇಕು. ಆಟ ನೋಡಲು ಸಾಲಗುಂದದವರು ಹೇಗೂ ಬರುತ್ತಾರೆ, ಆಟದ ಮರುದಿನ ಕತ್ತಲಲ್ಲಿ ಉಡಿಕಿ ಮುಗಿಸೋಣ ಎಂದು ಹಿರಿಯರು ಮಾತಾಡಿದರು. ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಅಮ್ಮ ಬಂದು ಸುದ್ದಿ ಹೇಳಿದಳು. ಅತ್ತೆಯ ಕೈ ನಿಲ್ಲಲಿಲ್ಲ.

“ಮದುವಿ ಆಗ್ತೀನಿ. ಕತ್ತಲಾಗ ಆಗಂಗಿಲ್ಲ.”

“ಹಂಗಂದ್ರ?”

“ಬೆಳಕಿನ್ಯಾಗ ಆಗಬೇಕು. ನಾಕು ಮಂದಿ ಹರಸಬೇಕು. ನನ್ನ ಕಿವೀಲೆ ಕೇಳಬೇಕು.”

ಅಮ್ಮ ಒಲೆಯ ಮುಂದೆ ಕುಕ್ಕರಿಸಿದಳು.

“ಏನಬೇ ಸಂಗಿ, ತಲಿ ಕೆಟ್ಟದೇನು? ಉಡಿಕಿ ಅಂದ್ರ ಕತ್ತಲಾಗ ಆಗೋದು. ನಮ್ಮ ಅವ್ವ, ಅವರವ್ವ, ಎಲ್ಲಾರ ಕಾಲದಿಂದ ಹಂಗ ಬಂದೈತಿ. ಮುತ್ತೈದೇರು ನೋಡಿದ್ರ ಅವರ ತಾಳಿಗೆ ಕೇಡು. ಮನ್ಯಾಗ ನಿಮ್ಮ ಅತ್ತಿಗಿ ಅದಾಳ, ಆಕಿ ತಾಳಿ ಚಿಂತಿ ನನಗ ಬ್ಯಾಡೇನು?”

ನಮ್ಮ ಅವ್ವ ಅಲ್ಲಿಯೇ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಸಂಗವ್ವತ್ತೆಯ ಮಾತು ಅವಳಿಗೆ ಹಿಡಿಸಿತ್ತು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು, ಆದರೆ ಸೊಸೆಗೆ ಬಾಯಿ ಎಲ್ಲಿಯದು!

“ಯವ್ವಾ, ಕೇಳಿಲ್ಲಿ,” ಎಂದಳು ಅತ್ತೆ. “ಮೊದಲನೇ ಮದುವ್ಯಾಗ ನಾ ಸೋದರಮಾವನ ಹೆಗಲ ಮ್ಯಾಲೆ ನಿದ್ದಿ ಮಾಡಿದ್ದೆ. ಯಾರು ಬಂದ್ರು, ಯಾರು ಹರಸಿದ್ರು, ಏನಂದ್ರು, ಒಂದೂ ತಿಳೀಲಿಲ್ಲ. ತಾಳಿ ಬಂದದ್ದೂ ಗೊತ್ತಾಗಲಿಲ್ಲ, ಹೋಗಾಗ ಅಷ್ಟ ಗೊತ್ತಾತು. ಈ ಸಲ ಎಚ್ಚರಿದ್ದೀನಿ. ಕೇಳಿಸ್ಕೋಬೇಕು.”

“ಹಟ ಮಾಡಿ ಉಪಾಸ ಗಿಪಾಸ ಕುಂತೀಯೋ, ನೋಡು ಮತ್ತ!”

“ಉಪಾಸ ಕೂಡಂಗಿಲ್ಲ, ಅಳಂಗಿಲ್ಲ, ಬಾವಿ ಬೀಳಂಗಿಲ್ಲ. ಹಿಂಗ ಹೇಳಿಕೋತ ಇರತೀನಿ. ನೀವು ಎಲ್ಲೀತನ ಕೇಳಂಗಿಲ್ಲ ಅಲ್ಲೀತನ ಹೇಳತೀನಿ.”

ಹಾಗೆ ಅಂದು ಎದ್ದು ಎಲ್ಲರಿಗೂ ಊಟಕ್ಕೆ ನೀಡಿದಳು. ತಾನೂ ಗಟ್ಟಿಯಾಗಿ ಉಂಡಳು. ಅಳುವ ಹಟವನ್ನು ಮಣಿಸಲು ಅಮ್ಮನಿಗೆ ಗೊತ್ತಿತ್ತು. ಉಣ್ಣುವ ಹಟವನ್ನು ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಶರಣಪ್ಪನ ಕಡೆಯಿಂದ ‘ನನಗ ಹಗಲಾದ್ರೂ ಅಷ್ಟ, ರಾತ್ರಿ ಆದ್ರೂ ಅಷ್ಟ’ ಎಂಬ ಮಾತು ಬಂತು. ಅತ್ತೆಗೆ ಅದೂ ರುಚಿಸಲಿಲ್ಲ. “ಹಗಲಾಗ ಆಗಲಿ ಅನ್ನಾಕ ಆ ಮನಷಾಗ ಬಾಯಿಲ್ಲೇನು?” ಎಂದು ಸಿಡುಕಿದಳು.

ಮುಂದಿನ ತಾಲೀಮಿನ ದಿನ ತಾತ ಶಿವನ ಪಾತ್ರದ ಯಂಕಪ್ಪನಿಗೆ ಹಿಂದಿನ ಕಥೆ ಬಿಡಿಸಿ ಹೇಳುತ್ತಿದ್ದ. ಶಿವನ ಮೊದಲಿನ ಹೆಂಡತಿ ಬೆಂಕಿಗೆ ಬಿದ್ದು ಸತ್ತಳು, ಅದಕ್ಕೇ ಅವನು ಕಣ್ಣು ಮುಚ್ಚಿ ತಪಸ್ಸಿಗೆ ಕೂತ, ಆ ದುಃಖ ನಿನ್ನ ಮುಖದ ಮೇಲೆ ಬರಲಿ ಎಂದು ತಿದ್ದುತ್ತಿದ್ದ. ಯಂಕಪ್ಪನ ಮುಖದ ಮೇಲೆ ಹೊಟ್ಟೆನೋವು ಬಂದಷ್ಟೇ ಆಗುತ್ತಿತ್ತು. ಆಗ ಅತ್ತೆ ನೀರಿನ ತಂಬಿಗೆ ಹಿಡಿದು ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಳು. ತಾಲೀಮಿನ ನಡುವೆ ಹೆಂಗಸರು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

“ಯಪ್ಪಾ, ಒಂದು ಮಾತು ಕೇಳತೀನಿ. ಶಿವಪ್ಪಂದು ಇದು ಎಷ್ಟನೇ ಮದುವಿ?”

ತಾತ ತಾಳ ಕೆಳಗಿಟ್ಟ.

“ಎರಡನೇದು.”

“ಮತ್ತ ಅವನ ಮದುವಿ ಕತ್ತಲಾಗ ಯಾಕ ಮಾಡಸಂಗಿಲ್ಲ ನೀ? ಹೊತ್ತು ಹುಟ್ಟೋತನ ಕಾಯ್ತೀದಿ. ದೇವತಿಗೋಳ್ನ ಕರಸ್ತೀದಿ.”

ಯಂಕಪ್ಪನಿಗೆ ಸುಮ್ಮನಿರಲಾಗಲಿಲ್ಲ.

“ಮಾಸ್ತರ್ರ, ನಾ ಎರಡನೇ ಸಂಬಂಧದಾಂವೇನ್ರಿ? ಮೊದಲ ಹೇಳಬಾರದ?”

ಎಲ್ಲರೂ ನಕ್ಕರು. ತಾತ ನಗಲಿಲ್ಲ.

“ಅಂವ ದೇವರು, ಸಂಗವ್ವ.”

“ದೇವರು ತಪ್ಪು ಮಾಡಿದ್ದು ಊರಿಗೆಲ್ಲಾ ತೋರಸ್ತಿದ್ದೇನು? ತಪ್ಪಲ್ಲ ಅಂತ ತಾನ ತೋರಸಾಕತ್ತೀದಿ?”

“ಅಂವ ಗಂಡಸು!” ಎಂದು ತಾತ ಗದರಿದ. ಗದರಿದವನು ಕೆಳಗಿಟ್ಟ ತಾಳದ ದಾರವನ್ನು ಬೆರಳಿಗೆ ಸುತ್ತತೊಡಗಿದ.

“ಹಂಗಂದ್ರ ದೇವರು ಅಂತ ಹೇಳಬ್ಯಾಡ ಯಪ್ಪಾ. ಗಂಡಸು ಅಂತ ಹೇಳು,” ಎಂದಳು ಅತ್ತೆ. ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋದಳು. ಆ ಸಂಜೆ ಯಾರೂ ನೀರು ಕುಡಿಯಲಿಲ್ಲ.

ಅಂದಿನಿಂದ ತಾತ ಅತ್ತೆಯ ಕಣ್ಣು ತಪ್ಪಿಸಿ ಓಡಾಡಿದ. ಉಡಿಕಿಯ ಸಿದ್ಧತೆ ಮಾತ್ರ ನಿಲ್ಲಲಿಲ್ಲ. ಮಸ್ಕಿಯ ಸಂತೆಯಿಂದ ಉಡಿಕಿಗೆ ಉಡಿಸುವ ಬಿಳಿ ಸೀರೆ ಬಂತು. ತಾಳಿ ಕಟ್ಟಿಸುವ ಅಯ್ಯನೋರಿಗೆ ಕತ್ತಲ ಹೊತ್ತಿಗೆ ಬರಲು ಹೇಳಿ ಕಳಿಸಿದ್ದಾಯಿತು. ಅತ್ತೆ ಬೀಸುಕಲ್ಲಿಗೆ ಕೂತಳು.

ಬೀಸುವ ಹಾಡು ಗೊತ್ತಿಲ್ಲದವರಿಗೆ ಇದನ್ನು ಹೇಳಬೇಕು. ಕೋಳಿ ಕೂಗುವ ಹೊತ್ತಿಗೆ ಓಣಿಯ ಎಲ್ಲ ಮನೆಗಳಲ್ಲಿ ಕಲ್ಲು ತಿರುಗುತ್ತವೆ, ಒಬ್ಬಾಕೆ ಒಂದು ಸೊಲ್ಲು ಎತ್ತಿದರೆ ಗೋಡೆಯಾಚೆಯ ಇನ್ನೊಬ್ಬಾಕೆ ಮುಂದಿನದನ್ನು ಎತ್ತಿಕೊಳ್ಳುತ್ತಾಳೆ. ಹಾಡಿನೊಳಗೆ ಅಣ್ಣನ ಹೆಸರು, ತಮ್ಮನ ಹೆಸರು, ತವರಿನ ಹೆಸರು ಹಾಕಿ ಹರಸುವುದು ಪದ್ಧತಿ. ತನ್ನ ಹೆಸರನ್ನು ತಾನೇ ಹಾಕಿಕೊಂಡು ಯಾರೂ ಹಾಡುವುದಿಲ್ಲ. ಅತ್ತೆ ಹಾಡಿದಳು. ದೇವತೆಗಳ ಮೂರು ಮಾತನ್ನು ಬೀಸುವ ಧಾಟಿಗೆ ಇಳಿಸಿ, ಪಾರ್ವತಿಯನ್ನು ಎತ್ತಿ ಆಚೆಗಿಟ್ಟು, ಆ ಜಾಗದಲ್ಲಿ ತಾನು ಕೂತಳು.

“ಕಣ ತುಂಬಲಿ ಸಂಗವ್ವ ನಿಂದು
ಕಾಲು ಊರಲಿ ಸಂಗವ್ವ ನಿಂದು
ಮಾತು ನಡೀಲಿ ಸಂಗವ್ವ ನಿಂದು”

ಅಮ್ಮ ಕೌದಿಯನ್ನು ಕಿವಿಯ ತನಕ ಎಳೆದುಕೊಂಡಳು. ಮರುದಿನವೂ ಅದೇ ಹಾಡು. ಅಮ್ಮ ಬೈದಳು, “ನಾಚಿಕಿಲ್ಲೇನ ನಿನಗ, ನಿನ್ನ ಹೆಸರ ನೀ ಹಾಡ್ತೀದಿ!” ಎಂದಳು. ಅತ್ತೆ ಕಲ್ಲು ನಿಲ್ಲಿಸದೆ ಉತ್ತರ ಕೊಟ್ಟಳು.

“ಮತ್ಯಾರೂ ಹಾಡವಲ್ರಲ್ಲ. ನೀ ಹಾಡು, ನಾ ಬಿಡತೀನಿ.”

ಕೆಲವು ದಿನ ಓಣಿ ಸುಮ್ಮನೆ ಕೇಳಿತು. ಆಮೇಲೆ ಒಂದು ಮುಂಜಾನೆ ಬೆನ್ನ ಗೋಡೆಯಾಚೆ, ಕುಂಬಾರ ಹನುಮಂತನ ಮನೆಯ ಕಲ್ಲು ಎರಡನೇ ಸೊಲ್ಲನ್ನು ಎತ್ತಿಕೊಂಡಿತು. ಅವನ ಹೆಂಡತಿಯ ದನಿ. ಅವಳ ಹಿಂದೆ ಮತ್ತೊಂದು ಮನೆ. ಹಾಡು ಚೆನ್ನಾಗಿತ್ತು ಎಂದು ಎತ್ತಿಕೊಂಡರೋ, ಅತ್ತೆಯ ಮೇಲಿನ ಕರುಣೆಗೋ, ಸುಮ್ಮನೆ ಬಾಯಿಗೆ ಹತ್ತಿತೋ ನಾನು ಹೇಳಲಾರೆ. ಆಟ ಹತ್ತಿರ ಬರುವ ಹೊತ್ತಿಗೆ ನಮ್ಮ ಓಣಿಯ ಕೋಳಿಗಳಿಗೂ ಸಂಗವ್ವನ ಹೆಸರು ಬಾಯಿಪಾಠ ಆಗಿರಬೇಕು. ನಾನಂತೂ ಹಾಸಿಗೆಯಲ್ಲಿ ಮಲಗಿ ಕೇಳುತ್ತಾ, ಬೇಕಾದದ್ದನ್ನು ಹೀಗೆ ಕೇಳಬೇಕು ಎಂದು ಕಲಿತೆ. ಕೂಗಬಾರದು, ನಿಲ್ಲಿಸಬಾರದು.

ಆಗ ಯಾವ ಆಟಕ್ಕೂ ಲಿಂಗಸುಗೂರಿಗೆ ಹೋಗಿ ಇಜಾಜತ್, ಅಂದರೆ ಸರ್ಕಾರದ ಪರವಾನಗಿ ತರಬೇಕಿತ್ತು. ಇಜಾಜತ್ತಿನ ಜೊತೆಗೆ ಒಬ್ಬ ಜವಾನ ಬಂದು ಮುಂದುಗಡೆ ಮಣೆ ಹಾಕಿಸಿಕೊಂಡು ಕೂರುತ್ತಿದ್ದ. ಆಟದಲ್ಲಿ ಇಲ್ಲದ ಮಾತು ಯಾರ ಬಾಯಿಂದಲಾದರೂ ಬಂದೀತೇ, ಸರ್ಕಾರದ ವಿರುದ್ಧ ಏನಾದರೂ ನುಸುಳೀತೇ ಎಂದು ಕೇಳುವುದು ಅವನ ಕೆಲಸ. ಪಾಪ, ಅವನಿಗೆ ಕನ್ನಡ ಅರ್ಧ ತಿಳಿಯುತ್ತಿತ್ತು. ಆ ವರ್ಷವೂ ಬಂದ, ಕೂತ, ತೂಕಡಿಸಿದ. ಸಾಲಗುಂದದವರು ಎರಡು ಗಾಡಿ ಕಟ್ಟಿಕೊಂಡು ಬಂದಿದ್ದರು. ಶರಣಪ್ಪ ಕಂಬಳಿ ಹೊದ್ದು ಗಂಡಸರ ಸಾಲಿನಲ್ಲಿದ್ದ. ಮರುದಿನದ ಉಡಿಕಿಗೆಂದು ಒಂದು ದಿನ ಮೊದಲೇ ಬಂದಿದ್ದ ಅಯ್ಯನೋರು ಅಟ್ಟದ ಪಕ್ಕದಲ್ಲಿಯೇ ಗೊರಕೆ ಹೊಡೆಯುತ್ತಿದ್ದರು. ಅತ್ತೆ ಎಂದಿನಂತೆ ಗೋಡೆಯ ಬುಡದಲ್ಲಿ, ನಾನು ಅವಳ ಮಡಿಲಲ್ಲಿ.

ಮೂಡಣ ಬೆಳ್ಳಗಾಯಿತು, ಕೆಂಪಾಯಿತು. ಹೆಂಗಸರು ತಟ್ಟೆ ಹಿಡಿದು ಎದ್ದರು. ಮುಂದೆ ಅಮ್ಮ. ಲಕ್ಷ್ಮಿ ಬಂದು ಪಾರ್ವತಿಯನ್ನು ಹರಸಿದಳು. ಭೂಮಿತಾಯಿ ಹರಸಿದಳು. ಆಮೇಲೆ ಹನುಮಂತ, ಕಿರೀಟ ಸರಿಮಾಡಿಕೊಂಡು, ಎಡಗಾಲು ಮುಂದಿಟ್ಟು, ಕೈ ಎತ್ತಿ, ಊರೆಲ್ಲ ಕೇಳುವ ಹಾಗೆ ಎತ್ತಿದ ದನಿಯಲ್ಲಿ ಹೇಳಿದ.

“ಮಾತು ನಡೀಲಿ ಸಂಗವ್ವ ನಿಂದು!”

ಮದ್ದಳೆ ನಿಂತಿತು. ನನ್ನ ಬೆನ್ನಿಗೆ ಆತುಕೊಂಡಿದ್ದ ಅತ್ತೆಯ ಎದೆ ಉಸಿರು ಹಿಡಿದದ್ದು ನನಗೆ ತಿಳಿಯಿತು. ಹನುಮಂತ ಬಾಯಿ ತೆರೆದವನು ತೆರೆದೇ ಇದ್ದ. ತನ್ನ ಹೆಂಡತಿ ದಿನಾ ಮುಂಜಾನೆ ಕಿವಿಗೆ ತುಂಬಿದ್ದು ಬಾಯಿಯಿಂದ ಬಂದುಬಿಟ್ಟಿತ್ತು. ಬೇಕೆಂದೇ ಅಂದ ಎನ್ನುವವರು ಈಗಲೂ ಇದ್ದಾರೆ. ತಪ್ಪಿ ಬಂತು ಎಂದು ಅವನು ಸಾಯುವ ತನಕ ಆಣೆ ಮಾಡಿದ. ಆಣೆ ಮಾಡುವಾಗ ನಗುತ್ತಿದ್ದ ಎಂಬುದನ್ನೂ ಹೇಳಿಬಿಡುತ್ತೇನೆ. ಜನರ ನಡುವೆಯಿಂದ ಯಾರೋ ಮುದುಕ, “ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು,” ಎಂದ. ಎಲ್ಲರ ಕಣ್ಣು ತಾತನ ಕಡೆ ತಿರುಗಿತು. ಹರಸಿದ ಮಾತು ಹೊಳ್ಳಿ ತಗೊಳ್ಳಾಕ ಬರಂಗಿಲ್ಲ ಎಂದು ಅವನ ಬಾಯಿಂದ ಕೇಳದವರು ಆ ಬಯಲಿನಲ್ಲಿ ಯಾರಿದ್ದರು?

ಗದ್ದಲ ನಿಂತದ್ದಕ್ಕೆ ಜವಾನನಿಗೆ ಎಚ್ಚರವಾಯಿತು. ಸುತ್ತಲಿನವರು ‘ಸಂಗವ್ವ’ ಎಂದು ಪಿಸುಗುಡುವುದು ಅವನ ಕಿವಿಗೆ ಬಿತ್ತು. ಪಾರ್ವತಿ ಎಂಬ ಹೆಸರು ಗೊತ್ತು, ಇದ್ಯಾವುದು ಹೊಸದು ಎಂದು ಎದ್ದು ನಿಂತು ಕೇಳಿದ.

“ಏ ಮಾಸ್ತರ್, ಯೇ ಸಂಗವ್ವ ಕೌನ್ ಹೈ?”

ತಾತ ತಾಳ ಹಿಡಿದು ನಿಂತಿದ್ದ. ಬಿಸಿಲಿನ ಮೊದಲ ಕೋಲು ಅವನ ರುಮಾಲಿನ ಮೇಲೆ ಬಿದ್ದಿತ್ತು. ತಾಳದ ದಾರವನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

“ಮೇರೀ ಬೇಟೀ ಹೈ, ಸಾಬ್,” ಎಂದ, ನನ್ನ ಮಗಳು. ಆಮೇಲೆ ಹಿಂದೆ ಗೋಡೆಯ ಕಡೆ ನೋಡುತ್ತಾ ಸೇರಿಸಿದ, “ಆಜ್ ಉಸ್ಕೀ ಶಾದೀ ಹೈ.”

ಇವತ್ತು ಅವಳ ಮದುವೆ. ನಾಳೆ ಅನ್ನಲಿಲ್ಲ, ರಾತ್ರಿ ಅನ್ನಲಿಲ್ಲ. ಜವಾನ “ಅಚ್ಛಾ ಅಚ್ಛಾ, ಮುಬಾರಕ್,” ಎಂದು ಮತ್ತೆ ಕೂತ. ಸರ್ಕಾರದ ತಕರಾರು ಅಷ್ಟಕ್ಕೇ ಮುಗಿಯಿತು. ಉಳಿದದ್ದು ಅಮ್ಮನ ಕೈಯಲ್ಲಿದ್ದ ತಟ್ಟೆ. ಆಕೆ ಕೈ ಎತ್ತದೆ ಯಾರೂ ಎತ್ತುವ ಹಾಗಿಲ್ಲ. ಹೆಂಗಸರು ಆಕೆಯನ್ನೇ ನೋಡುತ್ತಿದ್ದರು. ಅಮ್ಮ ಒಮ್ಮೆ ಅಟ್ಟ ನೋಡಿದಳು, ಒಮ್ಮೆ ನಮ್ಮ ಅವ್ವನ ಕೊರಳು ನೋಡಿದಳು. ಅವ್ವ ಅಂದು ಮೊದಲ ಸಲ ತನ್ನ ಅತ್ತೆಯ, ಅಂದರೆ ಅಮ್ಮನ ಮುಂದೆ ಬಾಯಿ ಬಿಟ್ಟಳು.

“ನನ್ನ ತಾಳಿ ಗಟ್ಟಿ ಐತ್ರಿ ಅತ್ತೀ. ಹಾಕ್ರಿ.”

ಅಮ್ಮ ತಿರುಗಿದಳು. ತಟ್ಟೆಯನ್ನು ಸೊಂಟಕ್ಕೆ ಒತ್ತಿ ಹಿಡಿದು, ಕೂತವರನ್ನು ದಾಟುತ್ತಾ, ಅಟ್ಟಕ್ಕೆ ಬೆನ್ನು ಹಾಕಿ, ಬಯಲಿನ ಕೊನೆಗೆ ನಡೆದು ಬಂದಳು. ಗೋಡೆಯ ಬುಡದಲ್ಲಿ ಕೂತ ಮಗಳ ಮುಂದೆ ನಿಂತು, ಹಿಡಿ ತುಂಬ ಕಾಳು ತೆಗೆದು ಅವಳ ತಲೆಯ ಮೇಲೆ ಹಾಕಿದಳು. ಅರ್ಧ ನನ್ನ ಮೇಲೂ ಬಿತ್ತು.

“ಕೇಳಿಸ್ತಿಲ್ಲ ಸಂಗಿ? ಎಚ್ಚರಿದ್ದೀಯಿಲ್ಲ?”

ಅತ್ತೆ ಹೌದೆಂದು ತಲೆಯಾಡಿಸಿದಳು. ಅಳುವುದಿಲ್ಲ ಎಂದವಳು ಅತ್ತಳು, ನನ್ನ ಜಡೆಯೆಲ್ಲ ತೋಯಿಸಿದಳು. ಆಮೇಲೆ ಕಾಳು ಎಲ್ಲ ಕಡೆಯಿಂದ ಬಂತು, ಕಣ್ಣು ಮುಚ್ಚಿಕೊಳ್ಳಬೇಕಾಯಿತು. ಶರಣಪ್ಪ ತಾನಾಗಿಯೇ ಎದ್ದ. ಯಾರೂ ಕರೆಯುವ ಮೊದಲೇ ಕಂಬಳಿ ಒದರಿ, ಹಿಂದಕ್ಕೆ ಬಂದು ಅತ್ತೆಯ ಪಕ್ಕದಲ್ಲಿ ಬಿಸಿಲಿಗೆ ಮುಖ ಮಾಡಿ ನಿಂತು, “ಹಗಲಾಗ ಆಗಲಿ,” ಎಂದ. ಇಷ್ಟು ಮಾತು ಕೂಡಿಸಿಕೊಳ್ಳಲು ಆ ಮನುಷ್ಯನಿಗೆ ಅಷ್ಟು ದಿನ ಬೇಕಾಗಿದ್ದವು. ಅಯ್ಯನೋರನ್ನು ಎಬ್ಬಿಸಿದರು. ಅವರು ಕಣ್ಣುಜ್ಜಿಕೊಳ್ಳುತ್ತಾ, “ಕತ್ತಲಾಗ ಅಂತ ಮಾತಾಗಿತ್ತಲ್ಲೋ?” ಎಂದು ಗೊಣಗಿದರು.

“ಕತ್ತಲಿ ಈಗ ತಾನ ಮುಗೀತ್ರಿ ಅಯ್ಯಾರ,” ಎಂದ ತಾತ.

ತಾಳಿ ಅಲ್ಲಿಯೇ, ಆ ಹಾಳು ಗೋಡೆಯ ಮುಂದೆಯೇ ಕಟ್ಟಿಸಿದರು. ಮೂವರು ದೇವತೆಗಳೂ ಅಟ್ಟದಿಂದ ಇಳಿದು ಬಂದು ಬಣ್ಣದ ಮುಖದಲ್ಲಿಯೇ ಹರಸಿದರು, ಈ ಸಲ ಹೆಸರು ತಪ್ಪದೆ. ಶಿವ ಒಬ್ಬನೇ ಅಟ್ಟದ ಮೇಲೆ ಉಳಿದು, “ಮಾಸ್ತರ್ರ, ನಮ್ಮ ಮದುವಿ ಏನ್ಮಾಡ್ತೀರಿ?” ಎಂದು ಕೂಗಿದ. ತಾತ, “ತಡಿಯಲೇ, ನಿಂದೂ ಎರಡನೇದ, ಅವಸರೇನೈತಿ?” ಎಂದ. ಬಯಲೆಲ್ಲ ನಕ್ಕಿತು.

ಅತ್ತೆ ಹಾಡುಹಗಲಿನಲ್ಲಿ ಗಾಡಿ ಹತ್ತಿದಳು. ಕೂದಲಿನಲ್ಲಿ ಅರಿಷಿಣದ ಜೋಳ ಹಾಗೇ ಇತ್ತು, ತೆಗೆಯಲು ಬಿಡಲಿಲ್ಲ. ಕೆಲವು ಮನೆಯವರು ನಮ್ಮೊಡನೆ ಕೊಟ್ಟು ತರುವುದನ್ನು ಒಂದಷ್ಟು ಕಾಲ ನಿಲ್ಲಿಸಿದರು, ಆಮೇಲೆ ಮರೆತರು. ಅವ್ವನ ತಾಳಿಗೆ ಏನೂ ಆಗಲಿಲ್ಲ. ಅಪ್ಪ ಹಣ್ಣುಹಣ್ಣು ಮುದುಕನಾಗಿ, ಎಲ್ಲರ ತಲೆ ತಿಂದು, ನಿಧಾನವಾಗಿಯೇ ಹೋದ.

ಮದುವೆಯ ಮರುದಿನ ಕೋಳಿ ಕೂಗುವ ಹೊತ್ತಿಗೆ ನನಗೆ ಎಚ್ಚರವಾಯಿತು. ಇನ್ನು ಮನೆಯಲ್ಲಿ ಹಾಡಿಲ್ಲ ಎಂದು ನೆನಪಾಗಿ ಕೌದಿಯನ್ನು ಮುಖದ ಮೇಲೆ ಎಳೆದುಕೊಂಡೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕಲ್ಲು ತಿರುಗುವ ಸಪ್ಪಳ ಕೇಳಿತು. ಅವ್ವ ನನ್ನ ಪಕ್ಕದಲ್ಲೇ ಮಲಗಿದ್ದಳು. ಎದ್ದು ಹೋಗಿ ಹೊಸ್ತಿಲಲ್ಲಿ ನಿಂತೆ. ಅಮ್ಮ ಒಬ್ಬಳೇ ಕೂತು ಬೀಸುತ್ತಿದ್ದಳು. ಎಷ್ಟೋ ವರ್ಷಗಳ ಹಿಂದೆ ಬಿಟ್ಟಿದ್ದ ಕೆಲಸ, ಕೈ ತಡವರಿಸುತ್ತಿತ್ತು, ದನಿ ಒಡೆಯುತ್ತಿತ್ತು.

“ಕಣ ತುಂಬಲಿ ಸಂಗವ್ವ ನಿಂದು
ಕಾಲು ಊರಲಿ ಸಂಗವ್ವ ನಿಂದು”

ಗೋಡೆಯಾಚೆ ಹನುಮಂತನ ಮನೆಯ ಕಲ್ಲು ನಿಂತು ಕಾಯಿತು. ಅಮ್ಮ ತಲೆ ಎತ್ತಿ ಹೊಸ್ತಿಲಲ್ಲಿ ನಿಂತ ನನ್ನನ್ನು ನೋಡಿದಳು. ಕಲ್ಲಿನ ಗೂಟ ಬಿಡದೆ ಮೂರನೆಯ ಸೊಲ್ಲು ಎತ್ತಿದಳು.

“ಮಾತು ನಡೀಲಿ ನೀಲವ್ವ ನಿಂದು.”

ನೀಲವ್ವ ಎಂದರೆ ನಾನು. ಅಂದಿನಿಂದ ಇಂದಿನವರೆಗೆ ನನ್ನ ಮಾತನ್ನು ನಾನು ಯಾರ ಮುಂದೆಯೂ ನುಂಗಿಲ್ಲ.